ಜಗಲಿಯ ಚಂದ್ರಪತಂಗ, ಅಂಗಳದ ಏರೋಪ್ಲೇನ್ ಚಿಟ್ಟೆ

ಕಳೆದ ಅಕ್ಟೋಬರ್‌ನಲ್ಲಿ ಸಾಗರದ ಬಳಿಯ ನಮ್ಮ ಹಳ್ಳಿಮನೆಗೆ ಹೋಗಿದ್ದಾಗ, ರಾತ್ರಿಯಿಡೀ ಉರಿದ ಜಗಲಿಯ ದೀಪದ ಕೆಳಗೆ ತಿಳಿಹಸಿರು ಬಣ್ಣದ ಚಂದ್ರಪತಂಗವೊಂದು ನೀಳವಾದ ಎರಡು ಬಾಲಗಳನ್ನು ಇಳಿಬಿಟ್ಟುಕೊಂಡು ಗೋಡೆಗೆ ಅಂಟಿದಂತೆ ಕುಳಿತಿತ್ತು. ಮಧ್ಯಾಹ್ನವಾದರೂ ಕದಲದ ಅದು ಹಸಿವಿನಿಂದ ಸೊರಗಿದೆಯೆಂದು ಭಾವಿಸಿ, ಬೆಲ್ಲದ ನೀರಿನಲ್ಲಿ ಅದ್ದಿದ ಹತ್ತಿಯನ್ನು ಅದರ ಮುಖದ ಬಳಿ ಹಿಡಿದೆ. ಅದು ಗಮನಿಸಲೇ ಇಲ್ಲ. ಭೂತಗನ್ನಡಿ ಹಿಡಿದು ನೋಡಿದರೆ, ಚಿಟ್ಟೆಗಳಿಗಿರುವಂತಹ ಸುರುಳಿ ನಾಲಿಗೆ ಅಲ್ಲಿ ಕಾಣಲಿಲ್ಲ.

ಆ್ಯಕ್ಟಿಯಾಸ್ ಸೆಲೀನ್ ಎಂಬ ಈ ಪತಂಗ ರೆಕ್ಕೆ ಬಂದ ಮೇಲೆ ಏನನ್ನೂ ತಿನ್ನುವುದಿಲ್ಲ. ಹುಳುವಾಗಿದ್ದಾಗ ಎಲೆ ಮೇಯ್ದು ಕೂಡಿಟ್ಟುಕೊಂಡ ಕೊಬ್ಬಿನಲ್ಲಿಯೇ ಹೆಚ್ಚುಕಡಿಮೆ ಒಂದು ವಾರ ಬದುಕಿ, ಸಂಗಾತಿಯನ್ನು ಕೂಡಿ, ಮೊಟ್ಟೆಯಿಟ್ಟು ಸಾಯುತ್ತದೆ. ನಾನು ನಿತ್ರಾಣವೆಂದು ತಿಳಿದದ್ದು ಅದರ ಉಳಿತಾಯವಾಗಿತ್ತು.

ಅದೇ ಹೊತ್ತಿನಲ್ಲಿ ಅಂಗಳದ ಬಿಸಿಲಿನಲ್ಲಿ ಹಳದಿ ಮೈಯ ಏರೋಪ್ಲೇನ್ ಚಿಟ್ಟೆಗಳು ಎಲ್ಲಿಯೂ ಕೂರದೆ ತೇಲಾಡುತ್ತಾ, ಹಾರುವ ಸಣ್ಣ ಹುಳುಗಳನ್ನು ಗಾಳಿಯಲ್ಲಿಯೇ ಹಿಡಿದು ತಿನ್ನುತ್ತಿದ್ದವು. ಹೆಸರಿನಲ್ಲಿ ಚಿಟ್ಟೆಯಿದ್ದರೂ ಇದು ಆ ಬಳಗದ್ದಲ್ಲ. ಚಿಟ್ಟೆಯ ನಿಜವಾದ ದಾಯಾದಿ ಗೋಡೆಯ ಮೇಲಿದ್ದ ಪತಂಗವೇ. ಪಂಟಾಲಾ ಫ್ಲಾವೆಸೆನ್ಸ್ ಎಂಬ ಈ ಕೀಟಕ್ಕೆ ಪತಂಗದಂತೆ ಗೂಡು ಕಟ್ಟಿ ಕೋಶದೊಳಗೆ ಮಲಗುವ ಅವಸ್ಥೆಯೇ ಇಲ್ಲ. ಮಳೆನೀರು ನಿಂತ ಹೊಂಡದಲ್ಲಿ ಮೊಟ್ಟೆಯೊಡೆದ ಮರಿ ಸೊಳ್ಳೆಮರಿಗಳನ್ನು ಬೇಟೆಯಾಡುತ್ತಾ, ನೀರು ಬತ್ತುವುದರೊಳಗೆ, ಸುಮಾರು ಆರು ವಾರಗಳಲ್ಲಿ ಬೆಳೆದು, ಹುಲ್ಲಿನ ಕಡ್ಡಿಯನ್ನೇರಿ ಪೊರೆ ಕಳಚಿ ಹಾರಿಬಿಡುತ್ತದೆ. ಅದು ಹೋಗುವ ದೂರ ನನ್ನನ್ನು ಈಗಲೂ ಬೆರಗಾಗಿಸುತ್ತದೆ. ಮಾಲ್ಡೀವ್ಸ್‌ನಲ್ಲಿ ನೆಲೆಸಿದ್ದ ಜೀವಶಾಸ್ತ್ರಜ್ಞ ಚಾರ್ಲ್ಸ್ ಆ್ಯಂಡರ್ಸನ್, ಮರಿ ಬೆಳೆಯಲು ಬೇಕಾದ ಸಿಹಿನೀರೇ ವಿರಳವಾದ ಆ ದ್ವೀಪಗಳಿಗೆ ಪ್ರತಿ ಅಕ್ಟೋಬರ್‌ನಲ್ಲಿ ಇವು ಗುಂಪುಗುಂಪಾಗಿ ಬಂದಿಳಿಯುವುದನ್ನು ಗಮನಿಸಿ, ಇವು ಭಾರತದಿಂದ ಹೊರಟು ಹಿಂದೂ ಮಹಾಸಾಗರವನ್ನು ದಾಟಿ ಪೂರ್ವ ಆಫ್ರಿಕಾ ಸೇರುತ್ತವೆಂದು 2009ರಲ್ಲಿ ಬರೆದರು. ಐದು ಸೆಂಟಿಮೀಟರ್‌ನಷ್ಟೂ ಉದ್ದವಿಲ್ಲದ ಜೀವಿಯ ಪಯಣವದು! ನಮ್ಮ ಅಂಗಳದವು ಹಾಗೆ ಹೊರಟವೋ ಇಲ್ಲವೋ, ಸಂಜೆಯ ಹೊತ್ತಿಗೆ ಒಂದೂ ಇರಲಿಲ್ಲ.

ಪತಂಗ ಮಾತ್ರ ಅಲ್ಲಿಯೇ ಇತ್ತು. ತಿಂದು ತುಂಬಿಕೊಳ್ಳಲಾಗದ ಅದರ ಕೆಲವೇ ರಾತ್ರಿಗಳಲ್ಲಿ ಒಂದನ್ನು ನಮ್ಮ ದೀಪ ಆಗಲೇ ಕಸಿದುಕೊಂಡಿತ್ತು. ಅಂದು ಜಗಲಿಯ ದೀಪ ಹಾಕಬಾರದೆಂದು ಮನೆಯವರಿಗೆಲ್ಲ ಹೇಳಿ, ಕತ್ತಲಲ್ಲಿಯೇ ಕುಳಿತೆವು. ಎಂಟು ಗಂಟೆ ದಾಟಿದ ಮೇಲೆ ಟಾರ್ಚ್ ಹಿಡಿದು ನೋಡಿದಾಗ ಗೋಡೆ ಖಾಲಿಯಾಗಿತ್ತು.