ಸನ್ನಿಸೈಡಿನಲ್ಲಿ ಮಾವ ಕೇಳಿದ್ದು

7 ಡಿಸೆಂಬರ್ 2023, ಗುರುವಾರ

ಮಾವನ ಕಣ್ಣಿಗೆ ಡಾಕ್ಟರು ಹನಿ ಬಿಟ್ಟಿದ್ದರಿಂದ ಹತ್ತಿರದ ಅಕ್ಷರ ಒಂದೂ ಕಾಣುತ್ತಿರಲಿಲ್ಲ. ಅಂಥವರು ಸೀದಾ ಮನೆಗೆ ಬರುವುದು ಬಿಟ್ಟು, “ಸನ್ನಿಸೈಡಿಗೆ ಒಮ್ಮೆ ಹೋಗಿ ಬರುವ, ಮ್ಯೂಸಿಯಂ ಆದ ಮೇಲೆ ನಾನು ನೋಡಲೇ ಇಲ್ಲ” ಎಂದು ಹಟ ಹಿಡಿದರು. ಸನ್ನಿಸೈಡ್ ಅಂದರೆ ಮಡಿಕೇರಿಯಲ್ಲಿ ಸೇನಾಧಿಪತಿ ಜನರಲ್ ತಿಮ್ಮಯ್ಯನವರು ಬೆಳೆದ ಮನೆ. ನೋಡುವುದು ಅವರು, ಓದಿ ಹೇಳುವುದು ನಾನು.

ಸಮವಸ್ತ್ರ, ಬಂದೂಕು, ಫೋಟೋಗಳನ್ನೆಲ್ಲ ಬೇಗ ಬೇಗ ದಾಟಿದರು. ಜನರಲ್ ಕೆಲಸ ಮಾಡಿದ ಕೊರಿಯಾ, ಸೈಪ್ರಸ್ ಯಾವುದಕ್ಕೂ ನಿಲ್ಲಲಿಲ್ಲ. ನಿಂತದ್ದು ಕಾಶ್ಮೀರದಿಂದ ಲಡಾಖಿಗೆ ಹೋಗುವ ದಾರಿಯ ಜೋಜಿಲಾದಲ್ಲಿ ಪಾಕಿಸ್ತಾನದ ಕಡೆಯವರ ಜೊತೆ ನಡೆದ ಯುದ್ಧದ ಕಥೆಗೆ. 1948ರ ನವೆಂಬರ್ 1. ಸುಮಾರು 11,500 ಅಡಿ ಎತ್ತರದ ಕಣಿವೆ, ಹಿಮ. ಅಲ್ಲಿಗೆ ಟ್ಯಾಂಕು ಬರಬಹುದೆಂದು ಎದುರಾಳಿ ಕನಸಲ್ಲೂ ಎಣಿಸಿರಲಿಲ್ಲ. ದಾರಿಯ ಸೇತುವೆಗಳು ಭಾರ ತಡೆಯವು ಎಂದು ಟ್ಯಾಂಕಿನ ತಲೆಭಾಗ ಬಿಚ್ಚಿ, ಯಾರಿಗೂ ಗೊತ್ತಾಗದ ಹಾಗೆ ಸಾಗಿಸಿದ್ದರು. ಮುಂದಿನ ಟ್ಯಾಂಕಿನಲ್ಲಿ ಸ್ವತಃ ತಿಮ್ಮಯ್ಯನವರೇ ಕೂತಿದ್ದರು. ಮೇಜರ್ ಜನರಲ್ ಒಬ್ಬರು ಅಷ್ಟು ಮುಂದೆ ಕೂರುವುದು ಎಲ್ಲಿಯಾದರೂ ಉಂಟೇ!

ಆಷಾಢದ ಕೆಸರಲ್ಲಿ ತೋಟದ ಜೀಪು ಹತ್ತಿಸಿದ ಮನುಷ್ಯ ನಮ್ಮ ಮಾವ. ಇನ್ನೊಂದು ಸಲ ಹೇಳಿಸಿದರು. ಆಮೇಲೆ ಕೇಳಿದರು: “ಬಿಚ್ಚುವುದು ದೊಡ್ಡದಲ್ಲ ಮಾರಾಯ್ತಿ. ಆ ಚಳಿಯಲ್ಲಿ ಕೈ ಮರಗಟ್ಟಿರುತ್ತದೆ. ವಾಪಸ್ ಜೋಡಿಸಿದ್ದು ಯಾರು? ಅವರ ಫೋಟೋ ಉಂಟಾ?”

ನನ್ನ ಕಣ್ಣಿಗೆ ಬೀಳಲಿಲ್ಲ. “ಹುಡುಕು” ಎಂದರು. ಹುಡುಕಿದೆ. ಅಷ್ಟರಲ್ಲಿ ಅವರೇ ಕಿಟಕಿಯ ಕಡೆ ತಿರುಗಿ ನಗತೊಡಗಿದ್ದರು. ಈ ಮನೆ ಆರ್‌ಟಿಒ ಆಫೀಸಾಗಿದ್ದ ಕಾಲದಲ್ಲಿ ಅವರು ಲೈಸೆನ್ಸಿಗೆ ಬಂದದ್ದಂತೆ, ಇಲ್ಲೇ ಎಲ್ಲೋ ಸಾಲಿನಲ್ಲಿ ನಿಂತಿದ್ದರಂತೆ. “ಜನರಲ್ ಆಡಿ ಬೆಳೆದ ಮನೆಯಲ್ಲಿ ನಿಂತಿದ್ದೇನೆ ಅಂತ ನನಗೆ ಆಗ ಒಬ್ಬನೂ ಹೇಳಲಿಲ್ಲ ನೋಡು. ಹೇಳಿದ್ದರೆ ಸ್ವಲ್ಪ ನೆಟ್ಟಗೆ ನಿಲ್ಲುತ್ತಿದ್ದೆ.” 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳು ಬಂದು ಉದ್ಘಾಟಿಸಿದ ಮೇಲೆ ಎಲ್ಲರೂ ನೆಟ್ಟಗೇ ನಿಲ್ಲುತ್ತಾರೆ.

ಅವರು ನಗುತ್ತಿದ್ದಾಗ ನನ್ನ ತಲೆಯಲ್ಲಿ ಬೇರೆಯೇ ಲೆಕ್ಕ. ತಿಮ್ಮಯ್ಯನವರು 1906, ಕನ್ನಡದ ಕಥೆಗಾರ್ತಿ ಕೊಡಗಿನ ಗೌರಮ್ಮ 1912. ಇಬ್ಬರೂ ಹುಟ್ಟಿದ್ದು ಇದೇ ಮಡಿಕೇರಿಯಲ್ಲಿ. ತಿಮ್ಮಯ್ಯನವರು ಎಂಟರ ಪ್ರಾಯಕ್ಕೇ ಕೂನೂರಿನ ಶಾಲೆಗೆ ಹೋದವರು, ಮುಖ ಕಂಡಿರಲಾರರು. ಆದರೂ ಅದೇ ಮಳೆ, ಅದೇ ಮಂಜು. ಅವಳು ತೋಟದ ಮನೆಯಲ್ಲಿ ಕೂತು ಕಥೆ ಬರೆದಳು, ಅದಕ್ಕೆ ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂದು ಹೆಸರು ಹಾಕಿದಳು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ನಮ್ಮ ಮನೆಗೆ ಬರಲೇಬೇಕು ಎಂದು ಉಪವಾಸ ಕೂತಳು, ಬಂದವರ ಕೈಗೆ ಮೈಮೇಲಿನ ಚಿನ್ನ ಬಿಚ್ಚಿ ಕೊಟ್ಟಳು. ಗಾಂಧೀಜಿಯ ಮುಂದೆಯೇ ಸತ್ಯಾಗ್ರಹ! 1939ರಲ್ಲಿ ಈಜಲು ಹೋದವಳು ಹೊಳೆಯಿಂದ ಎದ್ದು ಬರಲಿಲ್ಲ. ಇಪ್ಪತ್ತೇಳು. ‘ಅವಳು’ ಅನ್ನುತ್ತಿದ್ದೇನೆ, ನಾನು ಈಗ ಅವಳಿಗಿಂತ ಎಷ್ಟೋ ದೊಡ್ಡವಳು.

ಸೇನಾಧಿಪತಿಯ ಟೋಪಿ, ಕೋಟು ಉಳಿಯುತ್ತವೆ, ಸರ್ಕಾರಕ್ಕೂ ಅದು ಹೇಗೆ ಇಡಬೇಕೆಂದು ಗೊತ್ತು. ಕಥೆ ಬರೆದ ಹುಡುಗಿಯದ್ದು ಏನು ಇಡುವುದು? ಪೆನ್ನು? ಹೊಡೆದು ಹಾಕಿ ತಿದ್ದಿದ ಒಂದು ಹಾಳೆ ಸಿಕ್ಕರೆ ನಾನಂತೂ ಅದರ ಮುಂದೆ ಅರ್ಧ ದಿನ ಕೂರುತ್ತೇನೆ. ಮಾವನಿಗೆ ಹೇಳಿದೆ. “ಅವರ ಕಥೆ ಯಾವುದಾದರೂ ಮನೆಯಲ್ಲಿ ಉಂಟಾ? ರಾತ್ರಿ ಓದು. ನನಗೆ ಹೇಗೂ ಕಾಣುವುದಿಲ್ಲ” ಎಂದರು.

ಊಟವಾದ ಮೇಲೆ ಓದಲು ಕೂತೆ. ಎರಡನೇ ಪುಟಕ್ಕೇ ಗೊರಕೆ. ನನಗೆ ಸಿಟ್ಟು ಬಂತು, ಆಮೇಲೆ ನಗು. ಪುಸ್ತಕ ಮಡಚಲಿಲ್ಲ, ಒಬ್ಬಳೇ ಮುಂದುವರಿಸಿದೆ.

ಸುಂಟಿಕೊಪ್ಪದ ಅತ್ತೆಗೆ ಆ ಕಾಲದವರ ಮೊಮ್ಮಕ್ಕಳು ಯಾರಾದರೂ ಪರಿಚಯ ಇದ್ದಾರು. ನಾಳೆ ಫೋನ್ ಮಾಡಬೇಕು, ಕೇಳುವುದಾದರೂ ಹೇಗೆ, ನಿಮ್ಮ ಅಟ್ಟದಲ್ಲಿ ಹಳೇ ಕಾಗದ... ಅಯ್ಯೋ, ಹನಿ ಬೀಳುತ್ತಿದೆ. ಕಣದಲ್ಲಿ ಕಾಫಿ ಹಾಗೇ ಹರಡಿದೆ, ಟಾರ್ಪಾಲು ಹಾಕಿ ಬರುತ್ತೇನೆ.