383 ಅಲ್ಲ, 256

ಅಮೆರಿಕನ್ ಹಾಕಿ ಲೀಗಿನ ಒಂದು ತಂಡದ ಕಚೇರಿಯಲ್ಲಿ ಅದು ನನ್ನ ಮೊದಲ ವರ್ಷ. ಹುದ್ದೆಯ ಹೆಸರು ಉದ್ದ, ಕೆಲಸ ಮಾತ್ರ ಇಷ್ಟೇ: ಆಟಗಾರರ ಕಾಗದಪತ್ರ, ಬಸ್ಸು, ಹೋಟೆಲು, ಪಂದ್ಯದ ದಿನದ ಪಟ್ಟಿ. ಕುಂದಾಪುರದವನು ಐಸ್ ಹಾಕಿಗೆ ಹೇಗೆ ಹೋದೆ ಎಂದು ಊರಿನಲ್ಲಿ ಈಗಲೂ ಕೇಳುತ್ತಾರೆ. ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಓದಲು ಬಂದವನಿಗೆ ಸಿಕ್ಕಿದ ಕೆಲಸ ಇದು, ಬೇರೆ ಕಥೆಯೇನಿಲ್ಲ. ಸ್ಕೇಟ್‌ಗಳಿಗೆ ಸಾಣೆ ಹಿಡಿಯುವ ನಮ್ಮ ಹಿರಿಯರೊಬ್ಬರು ಮೊದಲ ದಿನವೇ, "ರಾಬಿನ್ ಬಾವಾ ನಿನಗೆ ಸಂಬಂಧಿಯೇ?" ಎಂದು ಕೇಳಿದ್ದರು. ಬಾವಾ 1989ರಲ್ಲಿ ವಾಷಿಂಗ್ಟನ್ ಪರ, ನಮ್ಮ ಲೀಗಿನ ಮೇಲಿರುವ ಅತ್ಯುನ್ನತ ಲೀಗಾದ ಎನ್‌ಎಚ್‌ಎಲ್‌ಗೆ ಇಳಿದ ಭಾರತೀಯ ಮೂಲದ ಕೆನಡಾದವರು. ನಾಲ್ಕು ತಂಡ ಸುತ್ತಿ ಒಟ್ಟು 61 ಪಂದ್ಯ ಆಡಿದವರು. ಅಲ್ಲ ಎಂದೆ. ಅವರಿಗೆ ನಿರಾಸೆಯಾದಂತೆ ಕಂಡಿತು.

ಈಗ ಹೇಳಹೊರಟಿರುವುದು ಅಂಥ ಇನ್ನೊಬ್ಬ ಊರೂರು ಸುತ್ತುವ ಆಟಗಾರನ ವಿಷಯ. ಮೈಕ್ ಸಿಲಿಂಜರ್ ಎಂಬವರು ಎನ್‌ಎಚ್‌ಎಲ್‌ನಲ್ಲೇ 12 ತಂಡಗಳಿಗೆ ಆಡಿ ದಾಖಲೆ ಬರೆದರು. ಅವರ ಅಲೆದಾಟ ಮೇಲಿನ ಅಂತಸ್ತಿನದು. ನಮ್ಮವನದು ಕೆಳಗಿನ ಎರಡು ಅಂತಸ್ತುಗಳ ನಡುವಿನದು. ವಯಸ್ಸು 31, ಡಿಫೆನ್ಸ್. ನನ್ನ ಸೋದರಮಾವ ಯಕ್ಷಗಾನ ಮೇಳಗಳಲ್ಲಿ ವೇಷ ಮಾಡುತ್ತಿದ್ದರು. ದೀಪಾವಳಿಯ ಆಸುಪಾಸಿಗೆ ಹೊರಟರೆ ಮಳೆಗಾಲದ ಹೊತ್ತಿಗೆ ಮನೆ. ಮರುವರ್ಷ ಬೇರೆ ಮೇಳ, ಅದೇ ಟ್ರಂಕು. ಇಲ್ಲಿಯೂ ಅಕ್ಟೋಬರಿನಿಂದ ಏಪ್ರಿಲಿನವರೆಗೆ ಅದೇ ತಿರುಗಾಟ. ವೇಷದ ಪೆಟ್ಟಿಗೆಯ ಬದಲು ಬೆವರು ನಾರುವ ಚೀಲ.

ಶುಕ್ರ, ಶನಿ, ಭಾನುವಾರ ಮೂರೂ ದಿನ ಪಂದ್ಯವಿದ್ದ ಫೆಬ್ರುವರಿಯ ವಾರಾಂತ್ಯ. ಶುಕ್ರವಾರ ರಾತ್ರಿ ಒಬ್ಬ ಡಿಫೆನ್ಸ್‌ಮನ್ ಭುಜ ಹಿಡಿದುಕೊಂಡು ಹೊರಗೆ ಬಂದ. ಶನಿವಾರ ಬೆಳಿಗ್ಗೆ ಇನ್ನೊಬ್ಬನನ್ನು ಮೇಲಿನ ತಂಡ, ಅಂದರೆ ನಾವು ಆಟಗಾರರನ್ನು ಒದಗಿಸುವ ಎನ್‌ಎಚ್‌ಎಲ್ ತಂಡ, ಕರೆಸಿಕೊಂಡಿತು. ಉಳಿದವರು ಐದು ಜನ. ನಮಗಿಂತ ಕೆಳಗಿನ ಅಂತಸ್ತಿನ ಲೀಗಾದ ಇಸಿಎಚ್‌ಎಲ್‌ನಲ್ಲಿದ್ದ ಇವನಿಗೆ ಪಿಟಿಒ, ಅಂದರೆ ಕೆಲವೇ ಪಂದ್ಯಗಳ ತಾತ್ಕಾಲಿಕ ಒಪ್ಪಂದ, ಕಳುಹಿಸಿದೆವು. ನಾಲ್ಕು ಗಂಟೆ ಕಾರು ಓಡಿಸಿಕೊಂಡು ಮಧ್ಯಾಹ್ನ ಮೂರೂವರೆಗೆ ಬಂದಿಳಿದ. ಕೈಕುಲುಕಿ ಮೊದಲು ಕೇಳಿದ್ದು ಕಾಫಿ ಎಲ್ಲಿ ಸಿಗುತ್ತದೆ ಎಂದು.

ನಮ್ಮ ಲೀಗಿನ ನಿಯಮ ಹೀಗಿದೆ. ಗೋಲ್‌ಕೀಪರುಗಳನ್ನು ಬಿಟ್ಟು 18 ಜನ ಇಳಿಯಬಹುದು. ಅವರಲ್ಲಿ ಕನಿಷ್ಠ 13 ಜನ ಡೆವಲಪ್‌ಮೆಂಟ್ ಆಟಗಾರರಿರಬೇಕು: 12 ಜನರ ವೃತ್ತಿಪರ ಪಂದ್ಯಗಳು 260 ಮೀರಿರಬಾರದು, ಒಬ್ಬನಿಗೆ 320ರವರೆಗೆ ವಿನಾಯಿತಿ. ಹಿಡಿಯುವುದು ಸೀಸನ್ ಶುರುವಾದ ದಿನದ ಲೆಕ್ಕವನ್ನು. ಅಂದರೆ ಗೆರೆ ದಾಟಿದ ಹಳಬರಿಗೆ, ನಮ್ಮ ಮಾತಿನಲ್ಲಿ ವೆಟ್‌ಗಳಿಗೆ, ಉಳಿಯುವುದು ಐದೇ ಜಾಗ. ತಿರುಗಾಟದ ಆಟಗಾರನ ಹೊಟ್ಟೆಪಾಡು ಈ 260ರ ಗೆರೆಯ ಮೇಲೆ ನಿಂತಿರುತ್ತದೆ. ಗೆರೆಯ ಈಚೆಗಿದ್ದರೆ ತಂಡಗಳು ಫೋನ್ ಮಾಡುತ್ತವೆ, ಆಚೆ ಹೋದರೆ ಯೋಚಿಸುತ್ತವೆ.

ಆ ದಿನ ನಮ್ಮ ಐದೂ ಜಾಗ ಭರ್ತಿ, 320ರ ವಿನಾಯಿತಿಯೂ ಖರ್ಚಾಗಿತ್ತು. ಕೋಚ್ ಬಾಗಿಲಿನಿಂದಲೇ ತಲೆ ಹಾಕಿ, "ಹೊಸಬನ ನಂಬರ್ ಎಷ್ಟು?" ಎಂದು ಕೇಳಿದರು. ನನ್ನ ಹಿಂದಿನವನು ಮಾಡಿಟ್ಟ ಎಕ್ಸೆಲ್ ಹಾಳೆಯೊಂದಿತ್ತು. ವಿಡಿಯೊ ವಿಶ್ಲೇಷಣೆಗೆಂದು ಬೆಂಚಿನಲ್ಲಿ ಟ್ಯಾಬ್ಲೆಟ್‌ಗಳ ಸಾಲೇ ಇಟ್ಟಿದ್ದ ಆಡಳಿತಕ್ಕೆ, ಯಾರು ಆಡಬಹುದು ಎಂದು ತೀರ್ಮಾನಿಸಲು ಈ ಹಾಳೆಯೇ ಸಾಕೆನಿಸಿತ್ತು. ಅಂಕಿ ತುಂಬಿದರೆ ಸಾಲು ಹಸಿರೋ ಕೆಂಪೋ ಆಗುತ್ತಿತ್ತು. ನಾನು ಅವನ ಹತ್ತು ವರ್ಷಗಳನ್ನು ಒಂದೊಂದಾಗಿ ಕೂಡಿಸಿ ತುಂಬಿದೆ. 383. ಕೆಂಪು.

"ವೆಟ್," ಎಂದೆ.

ಕೋಚ್ ಬೈಗುಳವೊಂದನ್ನು ನುಂಗಿಕೊಂಡು ಹೋದರು.

ಐದೂಮುಕ್ಕಾಲಕ್ಕೆ ಅವನು ನನ್ನನ್ನು ಹುಡುಕಿಕೊಂಡು ಬಂದ. ಕೈಯಲ್ಲಿ ಅರ್ಧ ಟೇಪ್ ಸುತ್ತಿದ ಸ್ಟಿಕ್. ಸಿಟ್ಟಿರಲಿಲ್ಲ, ಬ್ಯಾಂಕಿನ ಕೌಂಟರಿನಲ್ಲಿ ಪಾಸ್‌ಬುಕ್ ಹಿಡಿದು ನಿಂತವರ ಮುಖವಿತ್ತು. "ನಾನು ಗೆರೆಯ ಒಳಗಿದ್ದೇನೆ ಅಂದುಕೊಂಡಿದ್ದೆ," ಎಂದ. "ನಾನೇ ಲೆಕ್ಕ ಹಾಕಿದ್ದೇನೆ," ಎಂದೆ. "ಕೋಸ್ಟ್ ಸೇರಿಸಿಯೋ?" ಎಂದ.

ಈ ಪ್ರಶ್ನೆಯ ಮೇಲೆ ನಾನು ಆಮೇಲೆ ಎಷ್ಟು ರಾತ್ರಿ ಹೊರಳಿದ್ದೇನೋ. ಇಸಿಎಚ್‌ಎಲ್‌ಗೆ ಆಟಗಾರರು ಕೋಸ್ಟ್ ಎನ್ನುತ್ತಾರೆ. ಕರಾವಳಿಯಲ್ಲೇ ಹುಟ್ಟಿ ಬೆಳೆದ ನನಗೆ ಆ ಪದ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. "ಎಲ್ಲವನ್ನೂ ಸೇರಿಸಿ," ಎಂದೆ, ಅಚ್ಚುಕಟ್ಟಾಗಿ ಕೆಲಸ ಮಾಡಿದವನ ಗತ್ತಿನಲ್ಲಿ. ಅವನು ಒಂದು ಕ್ಷಣ ಸುಮ್ಮನೆ ನಿಂತ. "ಯಾರಿಗಾದರೂ ಫೋನ್ ಮಾಡಿ ಒಮ್ಮೆ ಕೇಳುತ್ತೀಯಾ?" ಎಂದ. ಲೀಗ್ ಕಚೇರಿಯ ಸಂಖ್ಯೆ ನನ್ನ ಮೊಬೈಲಿನಲ್ಲಿತ್ತು. ಮೊಬೈಲ್ ಕೈಯಲ್ಲೇ ಇತ್ತು. ಶನಿವಾರ ಸಂಜೆ ಇಷ್ಟು ಚಿಕ್ಕ ವಿಷಯ ಕೇಳಿದರೆ ಹೊಸಬನಿಗೆ ಏನೂ ಗೊತ್ತಿಲ್ಲ ಎಂದುಕೊಂಡಾರು ಎಂಬ ಅಳುಕು. ಹೊಸಬನಿಗೆ ಏನೂ ಗೊತ್ತಿರಲಿಲ್ಲ ಎಂಬುದು ನಿಜವೇ ಆಗಿತ್ತಲ್ಲ! "ಪಟ್ಟಿ ಹೋಗಿಯಾಯಿತು," ಎಂದೆ. ಅದೂ ಸುಳ್ಳು. ಪಟ್ಟಿ ನನ್ನ ಮೇಜಿನ ಮೇಲಿತ್ತು, ಕೋಚ್ ಸಹಿಗೆ ಕಾಯುತ್ತಿತ್ತು.

ಅವನು ಟೇಪ್ ಸುತ್ತುವುದನ್ನು ಮಾತ್ರ ನಿಲ್ಲಿಸಲಿಲ್ಲ. ಕೊನೆಯವರೆಗೂ ಸುತ್ತಿ, ತುದಿ ಹರಿದು ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ, ಸ್ಟಿಕ್ ಅನ್ನು ಚೀಲಕ್ಕೆ ಸೇರಿಸಿದ.

ಆಡದವರು ಸೂಟ್ ಹಾಕಿಕೊಂಡು ಮೇಲೆ ಕೂರಬೇಕು. ಅವನು ಸೂಟ್ ತಂದಿರಲಿಲ್ಲ. ಆಡಲು ಬಂದವನು ಯಾಕೆ ತರುತ್ತಾನೆ? ಯಾರದೋ ಬಿಗಿಯಾದ ಕೋಟು ತೊಟ್ಟು ಪ್ರೆಸ್ ಬಾಕ್ಸಿನಲ್ಲಿ ನನ್ನ ಪಕ್ಕವೇ ಕುಳಿತ. ಐದು ಜನ ಡಿಫೆನ್ಸ್ ಮಾಡುತ್ತ, ಮೂರನೇ ಪೀರಿಯಡ್ ಹೊತ್ತಿಗೆ ಅವರ ಕಾಲುಗಳು ಸೀಸವಾದವು. 2–2 ಇದ್ದದ್ದು 5–2 ಆಯಿತು. ನಾಲ್ಕನೇ ಗೋಲಿಗೆ ಅವನು, "ಎಡಗಡೆ ಯಾರೂ ಇಲ್ಲ," ಎಂದು ಮೆಲ್ಲಗೆ ಹೇಳಿದ, ಗೋಲು ಬೀಳುವ ಮೊದಲೇ. ನನಗಂತೂ ಅಷ್ಟು ಉದ್ದದ ಇಪ್ಪತ್ತು ನಿಮಿಷ ಮತ್ತೆ ಸಿಕ್ಕಿಲ್ಲ.

ಭಾನುವಾರ ಬೆಳಿಗ್ಗೆ ಸಹಾಯಕ ಜನರಲ್ ಮ್ಯಾನೇಜರ್ ನನ್ನ ಹಾಳೆ ತೆರೆದು, 127 ಎಂಬ ಅಂಕಿಯ ಮೇಲೆ ಬೆರಳಿಟ್ಟರು. "ಇದನ್ನು ಸೇರಿಸು ಎಂದು ಯಾರು ಹೇಳಿದರು?" ಲೆಕ್ಕಕ್ಕೆ ಬರುವುದು ನಮ್ಮ ಲೀಗ್, ಎನ್‌ಎಚ್‌ಎಲ್ ಮತ್ತು ಯುರೋಪಿನ ಉನ್ನತ ಲೀಗುಗಳು. ಕೋಸ್ಟ್ ಬರುವುದಿಲ್ಲ. ನಮ್ಮ ಲೀಗಿನಲ್ಲಿ 211, ಫಿನ್ಲೆಂಡಿನಲ್ಲಿ 43, ಎನ್‌ಎಚ್‌ಎಲ್‌ನಲ್ಲಿ ಎರಡೇ ಎರಡು. 256. ಹಸಿರು. ಆ ಹಾಳೆಯ ಮೂಲೆಯಲ್ಲಿ ಈ ಒಂದು ಸಾಲು ಬರೆದಿಡಲು ನನ್ನ ಹಿಂದಿನವನಿಗೆ ಏನು ರೋಗ ಬಡಿದಿತ್ತು ಎಂದು ಬೈದುಕೊಂಡೆ. ನಿಯಮಪುಸ್ತಕದ ಪಿಡಿಎಫ್ ಸೆಪ್ಟೆಂಬರಿನಿಂದಲೂ ನನ್ನ ಡೆಸ್ಕ್‌ಟಾಪಿನಲ್ಲಿತ್ತು ಎಂಬುದನ್ನು ಮ್ಯಾನೇಜರಿಗೆ ಹೇಳಲಿಲ್ಲ.

ಅಷ್ಟರಲ್ಲಿ ಮೇಲಿನ ತಂಡ ನಮ್ಮ ಹುಡುಗನನ್ನು ವಾಪಸು ಕಳುಹಿಸಿಯಾಗಿತ್ತು. ಇವನ ಅಗತ್ಯವಿರಲಿಲ್ಲ. ಇವನನ್ನು ಬಿಡುಗಡೆ ಮಾಡುವ ಕಾಗದವನ್ನೂ ನಾನೇ ತಯಾರಿಸಿದೆ.

ಪಾರ್ಕಿಂಗ್ ಜಾಗದಲ್ಲಿ ಅವನು ಗಾಜಿನ ಮೇಲಿನ ಮಂಜು ಕೆರೆಯುತ್ತಿದ್ದ. ತಪ್ಪಾಯಿತು ಎಂದೆ, ಅಂಕಿಯನ್ನೂ ಹೇಳಿದೆ. "256. ಗೊತ್ತು," ಎಂದ. ಗೊತ್ತಿದ್ದೂ ಯಾಕೆ ಜೋರಾಗಿ ಹೇಳಲಿಲ್ಲ ಎಂದು ಕೇಳಿದೆ, ಅದೂ ಒಂದು ತಿಳಿಗೇಡಿ ಪ್ರಶ್ನೆ. ಪಿಟಿಒ ಮೇಲೆ ಬಂದವನು ಮೊದಲ ದಿನವೇ ಕಚೇರಿಯವರೊಂದಿಗೆ ವಾದಿಸಿದರೆ ಮತ್ತೆ ಫೋನ್ ಬರುವುದಿಲ್ಲ ಎಂದ. ಸೋದರಮಾವ ಎಷ್ಟು ತಿರುಗಾಟ ಮುಗಿಸಿದ್ದಾರೆ ಎಂದು ಮೇಳದ ಯಜಮಾನರನ್ನು ಯಾರೂ ಕೇಳುತ್ತಿರಲಿಲ್ಲ, ಮಾವನನ್ನೇ ಕೇಳುತ್ತಿದ್ದರು. ನನಗೆ ಅದು ನೆನಪಾದದ್ದು ಅವನ ಕಾರು ಹೊರಟ ಮೇಲೆ.

ಮಾರ್ಚಿನಲ್ಲಿ ಅವನನ್ನು ಮತ್ತೆ ಕರೆಸಿದೆವು. ಮೂರು ಪಂದ್ಯ ಆಡಿದ. ಕೋಚ್ ನಂಬರ್ ಕೇಳಿದಾಗ ನಾನು ಹಾಳೆ ತೆರೆಯದೆ ಡ್ರೆಸಿಂಗ್ ರೂಮಿಗೆ ಹೋಗಿ ಅವನನ್ನೇ ಕೇಳಿ, ಆಮೇಲೆ ಲೀಗ್ ಕಚೇರಿಗೂ ಫೋನ್ ಮಾಡಿದೆ. ಅತ್ತಲಿನವರು ಅರ್ಧ ನಿಮಿಷದಲ್ಲಿ ಉತ್ತರ ಕೊಟ್ಟು ಫೋನ್ ಇಟ್ಟರು.

ಸೀಸನ್ ಮುಗಿದಾಗ ಅವನ ಲೆಕ್ಕ 259. ಆ ಶನಿವಾರವೂ ಭಾನುವಾರವೂ ಆಡಿದ್ದರೆ 261 ಆಗುತ್ತಿತ್ತು. ಈ ಮಾತನ್ನು ನಾನು ಯಾರ ಮುಂದೆಯೂ ಎತ್ತಲಿಲ್ಲ, ನನಗೆ ಆ ಹಕ್ಕಿಲ್ಲ. ಅಕ್ಟೋಬರಿನಲ್ಲಿ ಬೇರೊಂದು ತಂಡದ ಅಂಗಿ ತೊಟ್ಟ ಅವನ ಫೋಟೊ ನನ್ನ ಮೊಬೈಲಿಗೆ ಬಂತು. ಕೆಳಗೆ ಒಂದೇ ಸಾಲು: "ಕೋಸ್ಟ್ ಸೇರಿಸಿದರೆ ಈಗ ಎಷ್ಟು?"