ಹದಿನೈದನೇ ನಂಬರಿನ ಜೆರ್ಸಿ

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕಾಲೇಜಿನಿಂದ ಫೋನ್ ಬಂದಾಗ ನನಗೆ ಮೊದಲು ನೆನಪಾದದ್ದು ತರಗತಿಯಲ್ಲ, ಪ್ರಯೋಗಾಲಯವೂ ಅಲ್ಲ. ಸಿಮೆಂಟ್ ಕೋರ್ಟಿನ ಅಂಚಿನಲ್ಲಿ ಬೇವಿನ ಮರದ ನೆರಳಿಗೆ ಎಳೆದು ಹಾಕುತ್ತಿದ್ದ ಕಬ್ಬಿಣದ ಮೇಜು. 1999ರಿಂದ 2001ರವರೆಗೆ ಇಲ್ಲಿ ಪಿಯುಸಿ ಓದಿದ ನಾನು ಬ್ಯಾಸ್ಕೆಟ್‌ಬಾಲ್ ತಂಡದ ಹನ್ನೆರಡನೆಯವನಾಗಿದ್ದೆ. ಆಗಿನ ಅಂತರರಾಷ್ಟ್ರೀಯ ಪದ್ಧತಿಯಂತೆ ಜೆರ್ಸಿಗಳ ಸಂಖ್ಯೆ 4ರಿಂದ ಶುರುವಾಗಿ 15ಕ್ಕೆ ಮುಗಿಯುತ್ತಿತ್ತು. ಎಲ್ಲರೂ ತಮಗೆ ಬೇಕಾದದ್ದನ್ನು ಆರಿಸಿಕೊಂಡ ಮೇಲೆ ಉಳಿಯುತ್ತಿದ್ದ 15 ನನ್ನದು. ಭುಜದಿಂದ ಜಾರುವಷ್ಟು ದೊಡ್ಡದು, ಒಗೆದು ಮಾಸದೆ ಹೊಸದರಂತೆಯೇ ಉಳಿದದ್ದು. ತಂಡದಲ್ಲಿ 12 ಜನರಿದ್ದರೂ ಆಡುತ್ತಿದ್ದವರು ಏಳು ಮಂದಿ. ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ದೈಹಿಕ ಶಿಕ್ಷಣದ ಪಿ.ಡಿ. ಸರ್ ನನ್ನನ್ನು ಸ್ಕೋರ್ ಶೀಟ್ ಬರೆಯಲು ಕೂರಿಸಿದರು. ಎರಡು ವರ್ಷಗಳಲ್ಲಿ ನಾನು ಅಂಗಳಕ್ಕಿಳಿದದ್ದು ಒಟ್ಟು ನಾಲ್ಕು ನಿಮಿಷ. ಆ ಲೆಕ್ಕವನ್ನೂ ನಾನೇ ಬರೆದಿದ್ದೆನಾದ್ದರಿಂದ ಅದರಲ್ಲಿ ತಪ್ಪಿಲ್ಲ.

ಇದನ್ನು ಹೇಳಿದ್ದು ಮುಂದೆ ಬರೆಯಲಿರುವುದಕ್ಕೆ ಪೀಠಿಕೆಯಾಗಿ. 2001ರ ಆಗಸ್ಟ್‌ನಲ್ಲಿ ವಿದ್ಯಾರ್ಥಿವೇತನ ಸಿಕ್ಕಿ ಅಮೆರಿಕದ ಅಯೋವಾ ರಾಜ್ಯದ ಗ್ರಿನೆಲ್ ಕಾಲೇಜಿಗೆ ಹೋದೆ. ಇಂಟೆಲ್ ಸಂಸ್ಥಾಪಕರಲ್ಲೊಬ್ಬರಾದ ರಾಬರ್ಟ್ ನಾಯ್ಸ್ ಓದಿದ ಕಾಲೇಜು ಎಂಬ ಒಂದೇ ಮಾತಿಗೆ ಅಪ್ಪ ಒಪ್ಪಿದ್ದರು. ಅಲ್ಲಿ ಮಗ ಹೆಚ್ಚು ಹೊತ್ತು ಕಳೆಯುವುದು ಬ್ಯಾಸ್ಕೆಟ್‌ಬಾಲ್ ಅಂಗಳದ ಬದಿಯಲ್ಲಿ ಎಂದು ಅವರಿಗೆ ಗೊತ್ತಿರಲಿಲ್ಲ. ಮಂಡ್ಯದ ಕಬ್ಬಿನ ಗದ್ದೆಗಳ ನಡುವೆ ಬೆಳೆದ ನನಗೆ ಕಣ್ಣು ಹಾಯಿಸಿದಷ್ಟೂ ಮುಸುಕಿನ ಜೋಳವೇ ಇದ್ದ ಆ ಊರು ಅಷ್ಟೇನೂ ಅಪರಿಚಿತವೆನಿಸಲಿಲ್ಲ. ಸುಮಾರು ಒಂಬತ್ತು ಸಾವಿರ ಜನರ ಊರು, 1846ರಲ್ಲಿ ಸ್ಥಾಪನೆಯಾದ ಕಾಲೇಜು, ಹದಿಮೂರು ನೂರು ಚಿಲ್ಲರೆ ವಿದ್ಯಾರ್ಥಿಗಳು. ವಿದೇಶಿ ವಿದ್ಯಾರ್ಥಿಗಳು ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಯವರೆಗೆ ಕೆಲಸ ಮಾಡಬಹುದಿತ್ತು. ಊಟದ ಹಾಲಿನಲ್ಲಿ ತಟ್ಟೆ ತೊಳೆಯುವ ಕೆಲಸ ಮೊದಲ ಸೆಮಿಸ್ಟರಿಗೇ ಸಾಕಾಯಿತು. ಜನವರಿಯಲ್ಲಿ ಕ್ರೀಡಾ ವಿಭಾಗಕ್ಕೆ ಹೋಗಿ, ನನಗೆ ಸ್ಕೋರ್ ಶೀಟ್ ಬರೆಯಲು ಬರುತ್ತದೆ ಎಂದೆ. ಅಲ್ಲಿದ್ದವರು ನಕ್ಕು, ನಮ್ಮ ತಂಡದ ಆಟವನ್ನು ಒಮ್ಮೆ ನೋಡಿ ಆಮೇಲೆ ಹೇಳು ಎಂದರು.

ಅವರು ನಕ್ಕದ್ದೇಕೆ ಎಂಬುದು ಡಾರ್ಬಿ ಜಿಮ್ ಎಂಬ ಹಳೆಯ ಕಟ್ಟಡದಲ್ಲಿ ಮೊದಲ ಪಂದ್ಯ ಶುರುವಾಗಿ ಐದು ನಿಮಿಷವಾಗುವುದರೊಳಗೆ ತಿಳಿಯಿತು. ಬಝರ್ ಕೂಗಿತು, ಆಡುತ್ತಿದ್ದ ಐವರೂ ಹೊರಗೆ ಬಂದರು, ಬೇರೆ ಐವರು ಒಳಗೆ ಹೋದರು. ಮುಕ್ಕಾಲು ನಿಮಿಷವೂ ಕಳೆದಿರಲಿಲ್ಲ, ಮತ್ತೆ ಐವರು ಹೊರಗೆ, ಐವರು ಒಳಗೆ. ಐಸ್ ಹಾಕಿಯಲ್ಲಿ ಮಾಡುವಂತೆ ಇಡೀ ತಂಡವನ್ನೇ 35ರಿಂದ 45 ಸೆಕೆಂಡಿಗೊಮ್ಮೆ ಬದಲಿಸುವುದು, ಒಳಗಿದ್ದಷ್ಟು ಹೊತ್ತು ಅಂಗಳದ ಉದ್ದಕ್ಕೂ ಎದುರಾಳಿಯನ್ನು ಒತ್ತುವುದು (ಇದಕ್ಕೇ ಪ್ರೆಸ್ ಎನ್ನುವುದು), ಚೆಂಡು ಸಿಕ್ಕ ತಕ್ಷಣ ಮೂರು ಪಾಯಿಂಟ್ ಗೆರೆಯಾಚೆಯಿಂದ ಎಸೆಯುವುದು: 1989ರಲ್ಲಿ ಕೋಚ್ ಆಗಿ ಬಂದ ಡೇವಿಡ್ ಆರ್ಸೆನೋ ಕಟ್ಟಿದ ಪದ್ಧತಿ ಇದು. ಅಮೆರಿಕದಾದ್ಯಂತ ಇದನ್ನು ಗ್ರಿನೆಲ್ ಸಿಸ್ಟಮ್ ಎಂದೇ ಕರೆಯುತ್ತಾರೆ. 40 ನಿಮಿಷದ ಪಂದ್ಯವನ್ನು 40 ಸೆಕೆಂಡಿನ ತುಂಡುಗಳಾಗಿ ಕತ್ತರಿಸಿದರೆ 60 ತುಂಡು. ನಮ್ಮ ಕಾಲೇಜಿನಲ್ಲಿ ಪಂದ್ಯಕ್ಕೆ ಎಂಟೋ ಹತ್ತೋ ಬದಲಾವಣೆ ಬರೆದು ಬೆರಳು ನೋಯಿತು ಎನ್ನುತ್ತಿದ್ದವನು ನಾನು.

ಆರ್ಸೆನೋ ಬರುವ ಮೊದಲು ಎರಡು ದಶಕಕ್ಕೂ ಹೆಚ್ಚು ಕಾಲ ಆ ತಂಡ ಗೆಲುವಿಗಿಂತ ಸೋಲನ್ನೇ ಹೆಚ್ಚು ಕಂಡಿತ್ತು. ಸೋಲುವ ತಂಡದ ಬೆಂಚಿನಲ್ಲಿ ಕುಳಿತು ಕುಳಿತೇ ಬೇಸತ್ತ ಹುಡುಗರು ನಡುವೆಯೇ ಬಿಟ್ಟುಹೋಗುತ್ತಿದ್ದರು. ಎಲ್ಲರಿಗೂ ಆಡಲು ಸಿಗಬೇಕಾದರೆ ಆಟದ ವೇಗ ಹೆಚ್ಚಬೇಕು, ವೇಗ ಹೆಚ್ಚಿದರೆ ಎಲ್ಲರನ್ನೂ ಆಡಿಸದೆ ಗತಿಯಿಲ್ಲ ಎಂಬುದು ಅವರ ತರ್ಕ. ಹಿಂದಿನ ಪಂದ್ಯಗಳ ಅಂಕಿ-ಅಂಶಗಳಿಂದ ಐದು ಗುರಿಗಳನ್ನು ಹೆಕ್ಕಿದ್ದರು: ಪಂದ್ಯಕ್ಕೆ 94 ಎಸೆತ, ಅದರಲ್ಲಿ ಅರ್ಧ, ಎಂದರೆ 47, ಮೂರು ಪಾಯಿಂಟಿನವು, ಗುರಿ ತಪ್ಪಿದವುಗಳಲ್ಲಿ ಮೂರನೆಯ ಒಂದು ಪಾಲು ರೀಬೌಂಡ್ ಮತ್ತೆ ನಮ್ಮ ಕೈಗೇ, ಎದುರಾಳಿಗಿಂತ 25 ಎಸೆತ ಹೆಚ್ಚು, ಎದುರಾಳಿ 32 ಸಲ ಚೆಂಡು ಕಳೆದುಕೊಳ್ಳುವಂತೆ ಮಾಡುವುದು. ಪ್ರೆಸ್ ಮುರಿದು ಬಂದವನು ರಿಂಗಿನ ಕೆಳಗೆ ಸುಲಭದ ಲೇ-ಅಪ್ ಹಾಕಿದರೆ ಹಾಕಲಿ ಎಂದು ಬಿಟ್ಟುಬಿಡುತ್ತಿದ್ದರು. ಮೂರಕ್ಕೆ ಒಂದು ಎಸೆತ ಬಿದ್ದರೂ ಮೂರು ಪಾಯಿಂಟಿನ ಆಟ, ಎರಡಕ್ಕೊಂದು ಬೀಳುವ ಎರಡು ಪಾಯಿಂಟಿನ ಆಟಕ್ಕೆ ಸಮ; ಮೇಲಾಗಿ ನಾವು ಎಸೆಯುವುದು 25 ಸಲ ಹೆಚ್ಚು. ಅಂಗಡಿಯವನ ಲೆಕ್ಕದಷ್ಟು ಸರಳ. ಆದರೂ ನಮ್ಮ ತಂಡ ರಕ್ಷಣೆಯನ್ನೇ ಕೈಬಿಟ್ಟಂತೆ ಕಾಣುತ್ತಿದ್ದ ಆ ಕ್ಷಣಗಳಲ್ಲಿ ನಾಲ್ಕು ವರ್ಷವೂ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಪಿ.ಡಿ. ಸರ್ ಕೈಕೆಳಗೆ ಕಲಿತವನಿಗೆ ಲೇ-ಅಪ್ ಬಿಟ್ಟುಕೊಡುವುದೆಂದರೆ ಮೈದಾನಕ್ಕೆ ಎರಡು ಸುತ್ತು ಓಡುವ ಶಿಕ್ಷೆ.

ನಮ್ಮ ಕಡೆಯ ಓದುಗರಿಗೆ ಕಾನ್ಫರೆನ್ಸ್ ಎಂದರೇನೆಂದು ಹೇಳಬೇಕು. ನಮ್ಮಲ್ಲಿ ಜಿಲ್ಲಾ ಮಟ್ಟದ ಪಂದ್ಯಾವಳಿಗೆ ಬೆಳಿಗ್ಗೆ ಬಸ್ ಹತ್ತಿ ಹೋಗಿ, ಮೊದಲ ಸುತ್ತಿನಲ್ಲೇ ಸೋತರೆ ಮಧ್ಯಾಹ್ನದ ಊಟಕ್ಕೆ ಊರಿಗೆ ವಾಪಸ್. ಅಲ್ಲಿ ಹಾಗಲ್ಲ. ನನ್ನ ಕಾಲದಲ್ಲಿ ಹತ್ತು ಸಣ್ಣ ಕಾಲೇಜುಗಳು ಸೇರಿದ್ದ ಮಿಡ್‌ವೆಸ್ಟ್ ಕಾನ್ಫರೆನ್ಸ್‌ನಲ್ಲಿ ಚಳಿಗಾಲವಿಡೀ ಲೀಗ್ ಪಂದ್ಯಗಳು. ವಿಸ್ಕಾನ್ಸಿನ್‌ನಿಂದ ಬೆಲಾಯ್ಟ್, ಕ್ಯಾರಲ್, ಲಾರೆನ್ಸ್, ರಿಪನ್, ಸೇಂಟ್ ನಾರ್ಬರ್ಟ್, ಇಲಿನಾಯ್ಸ್‌ನಿಂದ ನಾಕ್ಸ್, ಮಾನ್ಮತ್, ಲೇಕ್ ಫಾರೆಸ್ಟ್, ಇಲಿನಾಯ್ಸ್ ಕಾಲೇಜು, ಅಯೋವಾದಿಂದ ನಾವೊಬ್ಬರೇ. ಹೀಗಾಗಿ ಎಲ್ಲರಿಗಿಂತ ಹೆಚ್ಚು ಬಸ್ಸಿನಲ್ಲಿ ಕೂರುವ ಕರ್ಮವೂ ನಮ್ಮದೇ. ವಿಸ್ಕಾನ್ಸಿನ್‌ನ ಉತ್ತರದ ಕಾಲೇಜುಗಳಿಗೆ ಹಿಮ ಬೀಳದಿದ್ದರೂ ಆರು ಗಂಟೆಗೆ ಮೇಲ್ಪಟ್ಟ ದಾರಿ. ಇವೆಲ್ಲ ಅಮೆರಿಕದ ಕಾಲೇಜು ಕ್ರೀಡೆಯ ಮೂರು ಹಂತಗಳಲ್ಲಿ ಕೊನೆಯದಾದ ಮೂರನೆಯ ಡಿವಿಷನ್ನಿನ ಕಾಲೇಜುಗಳು. ಆಟದ ಹೆಸರಿನಲ್ಲಿ ಯಾರಿಗೂ ಒಂದು ಡಾಲರ್ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಬಸ್ಸಿನ ಮಂದ ದೀಪದಲ್ಲಿ ಸಾವಯವ ರಸಾಯನಶಾಸ್ತ್ರದ ಪುಸ್ತಕ ತೆರೆದುಕೊಂಡು ಹೋಗುವ ಹುಡುಗ ಮರುದಿನ ಸಂಜೆ ಆಡುತ್ತಾನೆ, ಸೋಮವಾರ ಪರೀಕ್ಷೆ ಬರೆಯುತ್ತಾನೆ. ಫೆಬ್ರುವರಿ ಕೊನೆಗೆ ಪಟ್ಟಿಯಲ್ಲಿ ಮೊದಲ ನಾಲ್ಕು ಸ್ಥಾನದಲ್ಲಿದ್ದವರಿಗೆ ಮಾತ್ರ ಆಗ ಕಾನ್ಫರೆನ್ಸ್ ಟೂರ್ನಿ. ಅದರಲ್ಲಿ ಗೆದ್ದವರಿಗೆ ರಾಷ್ಟ್ರೀಯ ಟೂರ್ನಿಯ ಬಾಗಿಲು ತಾನಾಗಿ ತೆರೆಯುತ್ತಿತ್ತು. ಉಳಿದ ಆರು ತಂಡಗಳು ಅಲ್ಲಿಗೇ ಜೆರ್ಸಿ ಮಡಚಿಡಬೇಕಿತ್ತು.

ಈ ಏರ್ಪಾಟಿನಲ್ಲಿ ನನ್ನನ್ನು ಹಿಡಿದಿಟ್ಟದ್ದು ಒಂದೇ ಎದುರಾಳಿಯನ್ನು ಮತ್ತೆ ಮತ್ತೆ ಕಾಣುವ ಅವಕಾಶ. ಜನವರಿಯಲ್ಲಿ ನಮ್ಮ ಪ್ರೆಸ್ಸಿಗೆ ಸಿಕ್ಕಿ ಚೆಂಡು ಕೈಬಿಟ್ಟ ಗಾರ್ಡ್, ಫೆಬ್ರುವರಿಯಲ್ಲಿ ಅದೇ ಮೂಲೆಗೆ ಬಂದಾಗ ತಲೆಯೆತ್ತಿ ನೋಡಿ ಉದ್ದನೆಯ ಪಾಸ್ ಕೊಡುತ್ತಿದ್ದ. ಕೆಲವು ತಂಡಗಳು ನಮ್ಮ ವೇಗಕ್ಕೆ ಎದೆಗೊಟ್ಟು ಓಡಿ ದ್ವಿತೀಯಾರ್ಧದಲ್ಲಿ ಬಸವಳಿಯುತ್ತಿದ್ದವು. ಜಾಣ ತಂಡಗಳು ಚೆಂಡನ್ನು ಮಗುವಿನಂತೆ ಅಪ್ಪಿಕೊಂಡು, ಎಸೆಯುವುದಕ್ಕೆ ಆಗ ಇದ್ದ 35 ಸೆಕೆಂಡುಗಳ ಗಡುವಿನಲ್ಲಿ ಆದಷ್ಟನ್ನು ಕರಗಿಸಿ ನಮ್ಮ ಹುಡುಗರ ತಾಳ್ಮೆ ಕೆಡಿಸುತ್ತಿದ್ದವು. ಇದನ್ನು ಸಣ್ಣ ಕಾಲೇಜುಗಳ ಸಣ್ಣ ಜಗಳ ಎಂದು ತಳ್ಳಿಹಾಕುವ ಸಹಪಾಠಿಗಳಿಗೆ ನಾನು ಲಾರೆನ್ಸ್ ಕಡೆ ಬೆರಳು ತೋರಿಸುತ್ತಿದ್ದೆ. ನಮ್ಮದೇ ಕಾನ್ಫರೆನ್ಸಿನ ಆ ತಂಡ 2004ರಲ್ಲಿ ಇಡೀ ದೇಶದ ಕೊನೆಯ ಎಂಟು ತಂಡಗಳಲ್ಲಿ ಒಂದಾಗಿತ್ತು. ನಾನು ಪದವಿ ಮುಗಿಸಿ ಬಂದ ಮೇಲಿನ ಚಳಿಗಾಲದಲ್ಲಿ, 2005-06ರಲ್ಲಿ, ಲೀಗ್ ಋತುವನ್ನು ಒಂದೂ ಸೋಲಿಲ್ಲದೆ ಮುಗಿಸಿತು. ನಮ್ಮವರೂ ಸುಮ್ಮನಿರಲಿಲ್ಲ. 1996, 2001 ಮತ್ತು 2003ರಲ್ಲಿ ಕಾನ್ಫರೆನ್ಸ್ ಪ್ರಶಸ್ತಿ ಗ್ರಿನೆಲ್‌ಗೆ ಬಂದಿತ್ತು. 2003-04ರಲ್ಲಿ ಪಂದ್ಯಕ್ಕೆ ಸರಾಸರಿ 126.2 ಪಾಯಿಂಟ್ ಗಳಿಸಿ ಎಲ್ಲ ಡಿವಿಷನ್‌ಗಳಿಗೂ ದಾಖಲೆಯಾಯಿತು. ಮರುವರ್ಷವೇ ಕ್ಯಾಲಿಫೋರ್ನಿಯಾದ ರೆಡ್‌ಲ್ಯಾಂಡ್ಸ್ ವಿಶ್ವವಿದ್ಯಾಲಯ ನಮ್ಮದೇ ಪದ್ಧತಿಯನ್ನು ಎರವಲು ಪಡೆದು 132.4ರ ಸರಾಸರಿಯೊಂದಿಗೆ ಅದನ್ನು ಮುರಿದದ್ದು ಬೇರೆ ಮಾತು.

ಮೇಜಿನ ಹಿಂದೆ ಕುಳಿತವನಿಗೆ ಆಟ ಕಾಣುವುದು ಪ್ರೇಕ್ಷಕರಿಗೆ ಕಾಣುವಂತಲ್ಲ. ಬದಲಿ ಆಟಗಾರರು ಮೇಜಿನ ಬಳಿ ಹೆಸರು ಹೇಳಿ, ಆಟ ನಿಲ್ಲುವವರೆಗೆ ಅಲ್ಲೇ ಕಾಯಬೇಕು. ಬೇರೆ ತಂಡಗಳಲ್ಲಿ ಒಬ್ಬಿಬ್ಬರು ಬಂದು ಕೂತರೆ ನಮ್ಮಲ್ಲಿ ಐವರೂ ಒಟ್ಟಿಗೆ ಬಂದು ಸಾಲಾಗಿ ಕುಕ್ಕರಗಾಲಿನಲ್ಲಿ ಕೂರುತ್ತಿದ್ದರು. ನನ್ನ ಪೆನ್ಸಿಲ್ಲಿನಿಂದ ಒಂದು ಮೊಳ ದೂರದಲ್ಲಿ ಐದು ಕೆಂಪು ಬೆನ್ನುಗಳು ಏರಿಳಿಯುತ್ತಿದ್ದವು. ಹಿಂದಿನ ಸರದಿಯ ಏದುಸಿರು ಇನ್ನೂ ತಣಿದಿರುತ್ತಿರಲಿಲ್ಲ. ಒಬ್ಬ ಬೂಟಿನ ಅಡಿಯನ್ನು ಅಂಗೈಯಿಂದ ಒರೆಸಿಕೊಳ್ಳುತ್ತಿದ್ದ, ಇನ್ನೊಬ್ಬ ತಾನು ಹಿಡಿಯಬೇಕಾದ ಎದುರಾಳಿಯ ನಂಬರನ್ನು ಜಪದಂತೆ ಗೊಣಗುತ್ತಿದ್ದ. ಅಲ್ಲಿನ ಕಾಲೇಜು ನಿಯಮದಲ್ಲಿ ಜೆರ್ಸಿಯ ಮೇಲೆ 6, 7, 8, 9 ಅಂಕಿಗಳೇ ಇರುವಂತಿರಲಿಲ್ಲ. ಫೌಲ್ ಆದಾಗ ರೆಫರಿ ಒಂದೊಂದು ಕೈಯ ಐದೈದು ಬೆರಳಲ್ಲೇ ನಂಬರು ತೋರಿಸಬೇಕಲ್ಲ, ಅದಕ್ಕೆ. 4ರಿಂದ 15ರವರೆಗಿನ ಸಾಲಿಗೆ ಒಗ್ಗಿದ್ದ ನನ್ನ ಕಣ್ಣಿಗೆ 25, 33, 54 ಎಂದು ಹಾರುವ ಆ ಸಂಖ್ಯೆಗಳು ಹಿಡಿತಕ್ಕೆ ಬರಲು ಒಂದು ಋತುವೇ ಬೇಕಾಯಿತು. ಮೊದಲ ವರ್ಷ ಒಮ್ಮೆ ಒಬ್ಬನ ಎಸೆತವನ್ನು ಇನ್ನೊಬ್ಬನ ಹೆಸರಿಗೆ ಬರೆದುಬಿಟ್ಟೆ. ಪಂದ್ಯ ಮುಗಿದ ಮೇಲೆ ಆ ಹುಡುಗ ಬಂದು, ಅದು ತನ್ನ ಆ ವರ್ಷದ ಮೊದಲ ಮೂರು ಪಾಯಿಂಟ್ ಎಂದು ಮೆಲ್ಲಗೆ ಹೇಳಿದ. ಹಾಳೆಯನ್ನು ತಿದ್ದಿಸಿದೆವು. ಅವನು ಬೇರೆ ಯಾವುದೇ ತಂಡದಲ್ಲಿದ್ದಿದ್ದರೆ ಆ ಎಸೆತ ಎಸೆಯುವುದಿರಲಿ, ಬೆಂಚಿನಿಂದ ಏಳುತ್ತಲೂ ಇರಲಿಲ್ಲ.

ನನ್ನ ಕೊನೆಯ ಚಳಿಗಾಲದ ಒಂದು ರಾತ್ರಿಯನ್ನು ಮಾತ್ರ ಬಿಡಿಸಿ ಹೇಳುತ್ತೇನೆ. 2005ರ ಫೆಬ್ರುವರಿ 3, ಗುರುವಾರ. ಬೆಲಾಯ್ಟ್ ವಿರುದ್ಧದ ಪಂದ್ಯವನ್ನು ಇಎಸ್‌ಪಿಎನ್-2 ವಾಹಿನಿ ದೇಶಕ್ಕೆಲ್ಲ ನೇರವಾಗಿ ತೋರಿಸಲಿತ್ತು. ಮೂರನೆಯ ಡಿವಿಷನ್ನಿನ ಲೀಗ್ ಪಂದ್ಯವೊಂದು ಆ ಬಳಗದ ವಾಹಿನಿಯಲ್ಲಿ ಬರುವುದು ತೀರಾ ಅಪರೂಪ ಎಂದು ಹೇಳುತ್ತಿದ್ದರು. ಸಾಮಾನ್ಯ ದಿನಗಳಲ್ಲಿ ಪಂದ್ಯದತ್ತ ತಲೆಹಾಕದ ತತ್ತ್ವಶಾಸ್ತ್ರದ ವಿದ್ಯಾರ್ಥಿಗಳೂ ಅಂದು ಮುಖಕ್ಕೆ ಕೆಂಪು ಬಳಿದುಕೊಂಡು ಬಂದಿದ್ದರು. ಅಂತಹ ರಾತ್ರಿಗೆ ಮೇಜಿನ ಬಳಿ ಹಳಬರೇ ಬೇಕೆಂದು ನನಗೆ ರಜೆ ಕೊಟ್ಟರು. ಸ್ವಲ್ಪ ಮುನಿಸಿಕೊಂಡೇ ಮೇಲಿನ ಮೆಟ್ಟಿಲಿನಲ್ಲಿ ಜಾಗ ಹಿಡಿದು, ರೂಢಿಬಲದಿಂದ ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡೆ. ನೂರಿಪ್ಪತ್ತು ದಾಟುವುದನ್ನೇ ಅಭ್ಯಾಸ ಮಾಡಿಕೊಂಡಿದ್ದ ನಮ್ಮ ತಂಡ ಅಂದು ಗಳಿಸಿದ್ದು 85. ಬೆಲಾಯ್ಟ್ ಗಳಿಸಿದ್ದು 86. ಎಲ್ಲರೂ ನೋಡಲಿ ಎಂದು ಶೃಂಗರಿಸಿಕೊಂಡು ನಿಂತ ದಿನವೇ ರಾಗ ಕೈಕೊಟ್ಟ ಗಾಯಕನಂತಾಯಿತು ನಮ್ಮ ಸ್ಥಿತಿ. ಆದರೆ ಕಾನ್ಫರೆನ್ಸಿನ ಲೆಕ್ಕದಲ್ಲಿ ಟೀವಿಗೆ ಬೆಲೆಯಿಲ್ಲ. ಹಿಮದ ನಡುವೆ ಇನ್ನೂರು ಜನರೆದುರು ಸೋತರೂ ಒಂದು ಸೋಲು, ದೇಶದೆದುರು ಸೋತರೂ ಒಂದೇ ಸೋಲು. ಅಂದು ರಾತ್ರಿ ಊರಿಗೆ ಫೋನ್ ಮಾಡಿದಾಗ ಅಪ್ಪ ಕೇಳಿದ್ದು ಸ್ವೆಟರ್ ಹಾಕಿಕೊಂಡಿದ್ದೀಯಾ ಎಂದು ಮಾತ್ರ.

ಗ್ರಿನೆಲ್ ಹೆಸರು ಆಮೇಲೆ ಪ್ರಪಂಚಕ್ಕೆ ಗೊತ್ತಾದದ್ದು 2012ರ ನವೆಂಬರ್ 20ರಂದು, ಜ್ಯಾಕ್ ಟೇಲರ್ ಎಂಬ ವಿದ್ಯಾರ್ಥಿ ಒಂದೇ ಪಂದ್ಯದಲ್ಲಿ 138 ಪಾಯಿಂಟ್ ಗಳಿಸಿದಾಗ. 108 ಎಸೆತ, ಅದರಲ್ಲಿ 71 ಮೂರು ಪಾಯಿಂಟಿನವು. ಪಂದ್ಯದ ಫಲಿತಾಂಶ 179-104. ಬೆಂಗಳೂರಿನ ಆಫೀಸಿನಲ್ಲಿ ಸಹೋದ್ಯೋಗಿಗಳು ನಿನ್ನ ಕಾಲೇಜಂತಲ್ಲ ಎಂದು ಬಂದು ಬೆನ್ನು ತಟ್ಟಿದರು. ನನಗೆ ಹೆಮ್ಮೆಯಾಯಿತು ಎಂದರೆ ಪೂರ್ತಿ ನಿಜವಾಗದು. ಎದುರಾಳಿ ಕಾನ್ಫರೆನ್ಸಿಗೆ ಸೇರದ ಪುಟ್ಟ ಬೈಬಲ್ ಕಾಲೇಜು. ಲೀಗ್ ಪಟ್ಟಿಯಲ್ಲಿ ಆ ಪಂದ್ಯಕ್ಕೆ ಸ್ಥಾನವೇ ಇಲ್ಲ. ಬೆಂಚಿನಲ್ಲಿದ್ದವರನ್ನೆಲ್ಲ ಎಬ್ಬಿಸುವುದಕ್ಕೆಂದು ಹುಟ್ಟಿದ ಪದ್ಧತಿ ಪತ್ರಿಕೆಗಳಲ್ಲಿ ಒಬ್ಬನೇ ಹುಡುಗನ ಹೆಸರಾಗಿ ಉಳಿಯಿತಲ್ಲ ಎಂದು ಸ್ವಲ್ಪ ಕಸಿವಿಸಿಯೂ ಆಯಿತು. ಟೇಲರ್ ತಪ್ಪೇನಿಲ್ಲ, ಚೆಂಡು ಕೈಗಿತ್ತು ಎಸೆ ಎಂದರೆ ಯಾರಾದರೂ ಎಸೆಯುತ್ತಾರೆ. ಆದರೆ ಕನಿಷ್ಠ ನಾನಾದರೂ ಆ ತಂಡವನ್ನು ಹಿಂಬಾಲಿಸಿದ್ದು ಅದಕ್ಕಲ್ಲ.

ಪದವಿ ಮುಗಿಸಿ 2005ರ ಜೂನ್‌ನಲ್ಲಿ ಊರಿಗೆ ಬಂದವನು ಪಿ.ಡಿ. ಸರ್ ಅವರನ್ನು ಕಾಣಲು ಕಾಲೇಜಿಗೆ ಬಂದೆ. ಹಳೆಯ ಚೆಂಡುಗಳ ರಬ್ಬರ್ ವಾಸನೆಯ ಅದೇ ಕೋಣೆ. ಒಂದು ಲೀಗ್ ಪಂದ್ಯದ ಅಂಕಿ-ಅಂಶದ ಹಾಳೆಯನ್ನು, ನಾನೇ ಲೆಕ್ಕ ಹಾಕಿದ್ದೆಂಬ ಜಂಭಕ್ಕೆ, ಅವರಿಗೆ ತೋರಿಸಲೆಂದು ತಂದಿದ್ದೆ. ನೂರು ದಾಟಿದ ಮೊತ್ತ ಕಂಡು ಬೆರಗಾಗುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ಹಾಕಿಕೊಂಡು ಮೊತ್ತವನ್ನು ನೋಡದೆ ಎಡಗಡೆಯ ಹೆಸರುಗಳ ಮೇಲೆ ಮೇಲಿನಿಂದ ಕೆಳಗೆ ಬೆರಳು ಇಳಿಸುತ್ತ, ಪ್ರತಿ ಹೆಸರಿನ ಮುಂದಿನ ನಿಮಿಷಗಳನ್ನು ಓದುತ್ತ ಹೋದರು. ಹನ್ನೊಂದು, ಹದಿಮೂರು, ಹದಿನಾಲ್ಕು, ಹತ್ತು. ಇಪ್ಪತ್ತು ದಾಟಿದ್ದು ಎಲ್ಲೂ ಇರಲಿಲ್ಲ. ಕೊನೆಯ ಹೆಸರಿನ ಮೇಲೆ ಬೆರಳು ನಿಂತಿತು.

"ಇವನೂ ಆಡಿದ್ದಾನೇನೋ?" ಎಂದರು.

"ಹೌದು ಸರ್, ಏಳು ನಿಮಿಷ."

ಅವರು ಇನ್ನೇನೂ ಕೇಳಲಿಲ್ಲ. ಮೇಜಿನ ಗಾಜನ್ನು ಒಂದು ಕೈಯಲ್ಲಿ ಎತ್ತಿ, ವೇಳಾಪಟ್ಟಿಯ ಪಕ್ಕಕ್ಕೆ ಆ ಹಾಳೆಯನ್ನು ಸರಿಸಿಟ್ಟು, ಗಾಜನ್ನು ಮೆಲ್ಲಗೆ ಇಳಿಸಿದರು. ಆಮೇಲೆ ಕ್ಯಾಂಟೀನಿನ ಹುಡುಗನನ್ನು ಕೂಗಿ ಎರಡು ಕಾಫಿ ಹೇಳಿದರು.